ಫೈಬರ್ ಬರುತ್ತದೆ ಅಂದರು, ಇನ್ನೂ ಬಂದಿಲ್ಲ

ಕೇಳುಗರಿಗೆ ನಮಸ್ಕಾರ.

"ನಿಮ್ಮ ಬೀದಿಗೆ ಫೈಬರ್ ಬರ್ತಾ ಇದೆ, ಇನ್ನೆರಡೇ ವಾರ." ಫೈಬರ್ ಅಂದರೆ ಇಂಟರ್ನೆಟ್ಟನ್ನು ಬೆಳಕಾಗಿ ಸಾಗಿಸುವ ಗಾಜಿನ ಎಳೆ. ಈ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾಯುತ್ತಿರುವ ಮನೆಗಳು ನಮ್ಮ ಊರುಗಳಲ್ಲಿ ಬಹಳ ಇವೆ. ಅಷ್ಟರಲ್ಲಿ ಮಕ್ಕಳ ಆನ್‌ಲೈನ್ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಕಾಯಬೇಕೋ, ಬೇರೆ ಸಂಪರ್ಕ ಹಿಡಿಯಬೇಕೋ? ಅದನ್ನು ತೀರ್ಮಾನಿಸಲು ತಡ ಎಲ್ಲಿ ಆಗುತ್ತಿದೆ ಎನ್ನುವುದು ಮೊದಲು ಗೊತ್ತಾಗಬೇಕು.

ಹಳೆಯ ಟೆಲಿಫೋನಿನ ತಾಮ್ರದ ತಂತಿಯಲ್ಲಿ, ಎಡಿಎಸ್ಎಲ್ ಟೂ ಪ್ಲಸ್ ವಿಧಾನದಲ್ಲಿ, ಹೆಚ್ಚೆಂದರೆ 24 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 24 ಮೆಗಾಬಿಟ್, ವೇಗ ಸಿಗುತ್ತದೆ. ಅದೂ ಎಕ್ಸ್‌ಚೇಂಜಿನ ಪಕ್ಕದ ಮನೆಗೆ. ಮೂರ್ನಾಲ್ಕು ಕಿಲೋಮೀಟರ್ ಆಚೆಗೆ ಕೆಲವೇ ಎಂಬಿಪಿಎಸ್ ಉಳಿಯುತ್ತದೆ; ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಅದೂ ಇಲ್ಲ. ಇಂಥ ಲೈನಿಗೆ ದೊಡ್ಡ ಪ್ಲ್ಯಾನ್ ಹಾಕಿಸಿದರೆ ದುಡ್ಡು ದಂಡ.

ಫೈಬರಿನ ಲೆಕ್ಕವೇ ಬೇರೆ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಕಂಪನಿಯ ಯಂತ್ರದ ಒಂದು ಪೋರ್ಟಿನಿಂದ, ಅಂದರೆ ತಂತಿ ಸಿಕ್ಕಿಸುವ ಕಿಂಡಿಯಿಂದ, ಸೆಕೆಂಡಿಗೆ ಸುಮಾರು ಎರಡೂವರೆ ಗಿಗಾಬಿಟ್ (2,500 ಎಂಬಿಪಿಎಸ್) ಹೊರಡುತ್ತದೆ. ಸ್ಪ್ಲಿಟರ್ ಎಂಬ ಸಣ್ಣ ಭಾಗ ಆ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ತಡವಾಗುವುದು ಬಹಳ ಸಲ ಇಲ್ಲಿಯೇ. ಸ್ಪ್ಲಿಟರ್ ಇರುವ, ಕಂಬದ ಮೇಲಿನ ಡಬ್ಬಿಯಲ್ಲಿ ಜಾಗ ಖಾಲಿ ಇದ್ದರೆ ನಿಮ್ಮ ಮನೆಗೆ ತಂತಿ ಎಳೆಯುವುದು ಒಂದೆರಡು ಗಂಟೆಯ ಕೆಲಸ. ಡಬ್ಬಿ ತುಂಬಿದ್ದರೆ ಇನ್ನೊಂದು ಸ್ಪ್ಲಿಟರ್ ಬೇಕು. ಅತ್ತ ಯಂತ್ರದ ಪೋರ್ಟೂ ತುಂಬಿದ್ದರೆ ಪೋರ್ಟುಗಳಿರುವ ಹೊಸ ಕಾರ್ಡ್ ಬರಬೇಕು. ಮುಖ್ಯ ಕೇಬಲೇ ಬೀದಿಗೆ ಬಂದಿಲ್ಲವಾದರೆ ಕಂಬದ ಅನುಮತಿ, ರಸ್ತೆ ಅಗೆಯುವ ಅನುಮತಿ ಎಲ್ಲ ಆಗಬೇಕು. 2025ರ ಜನವರಿ 1ರಿಂದ ಇದಕ್ಕೆ ದೇಶಕ್ಕೆಲ್ಲ ಒಂದೇ ಹೊಸ ನಿಯಮಾವಳಿ ಬಂದಿದೆ. ಆದರೂ ಕಾಗದ ಮೇಜಿನಿಂದ ಮೇಜಿಗೆ ಹೋಗಲೇಬೇಕು. ಅಪಾರ್ಟ್‌ಮೆಂಟಿನವರಿಗೆ ಸಂಘದ ಒಪ್ಪಿಗೆಯೂ ಸೇರುತ್ತದೆ.

ಆದ್ದರಿಂದ "ಯಾವಾಗ ಬರುತ್ತೆ?" ಅಂತ ಕೇಳಬೇಡಿ. "ನಮ್ಮ ಹತ್ತಿರದ ಡಬ್ಬಿ ಯಾವ ಕಂಬದಲ್ಲಿದೆ, ಅದರಲ್ಲಿ ಪೋರ್ಟ್ ಖಾಲಿ ಇದೆಯಾ?" ಅಂತ ಕಂಪನಿಯ ಲೈನ್‌ಮನ್ನನ್ನೇ ಕೇಳಿ. ಖಾಲಿ ಇದೆ ಅಂದರೆ ಒಂದು ವಾರ ಕಾಯಬಹುದು. ಕೇಬಲೇ ಬಂದಿಲ್ಲ ಅಂದರೆ ಬೇರೆ ದಾರಿ ನೋಡುವುದೇ ಒಳ್ಳೆಯದು.

ತಂತಿ ಎಳೆದ ದಿನ, ಫೈಬರಿನ ಬೆಳಕು ಅಳೆಯುವ ಮೀಟರಿನಲ್ಲಿ ಅದರ ಮಟ್ಟ ತೋರಿಸಲು ಹೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಬೆಳಕಿನ ಬಲದ ಅಳತೆ) ನಡುವೆ ಇದ್ದರೆ ಸರಿ. ಮೈನಸ್ 27ಕ್ಕಿಂತ ಕೆಳಗಿಳಿದರೆ ಲೈನು ಆಗಾಗ ಕಡಿಯುತ್ತದೆ, ಮನೆಯೊಳಗಿನ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ. ಕಪಾಟಿನ ಹಿಂದೆ ತಂತಿಯನ್ನು ಮಡಚಿ ಒತ್ತಿದರೆ, ಹಸಿರು ಕನೆಕ್ಟರಿನ ತುದಿಗೆ ದೂಳು ಕೂತರೆ ಬೆಳಕು ಸೋರಿಹೋಗುತ್ತದೆ. ಮೊದಲು ನೋಡಬೇಕಾದದ್ದು ಇವೆರಡನ್ನೇ.

ಇನ್ನು ಬೇರೆ ದಾರಿ ಅಂದರೆ 5ಜಿ ನಿಸ್ತಂತು ಸಂಪರ್ಕ. ಇಂಥದೊಂದು ಸೇವೆಯಾದ ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರಿನಲ್ಲಿ ಶುರುವಾದಾಗ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ತಾರಸಿಯ ಮೇಲೆ ಟವರಿನ ಕಡೆಗೆ ಪೆಟ್ಟಿಗೆ ಕೂರಿಸುತ್ತಾರೆ; ಕಂಬ, ಅಗೆತ ಯಾವುದೂ ಬೇಡ. ಆದರೆ ಟವರನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುವುದರಿಂದ ಸಂಜೆ ವೇಗ ಇಳಿಯಬಹುದು. ಡೇಟಾ ಮಿತಿಯನ್ನೂ, ಬೆಲೆಯಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಪ್ಲ್ಯಾನನ್ನು 200 ಎಂಬಿಪಿಎಸ್‌ಗೆ ಏರಿಸಿದರೂ ವೇಗ 95ರ ಹತ್ತಿರವೇ ನಿಂತಿದೆಯೇ? ಕಂಪನಿಯನ್ನು ಬೈಯುವ ಮೊದಲು ರೂಟರ್ ನೋಡಿ. ಹಳೆಯ ರೂಟರಿನ ಪೋರ್ಟ್ 100ಕ್ಕೇ ಸೀಮಿತವಾಗಿರಬಹುದು. ರೂಟರಿಗೆ ಸಿಕ್ಕಿಸುವ ಲ್ಯಾನ್ ಕೇಬಲಿನ ಎಂಟು ಎಳೆಗಳಲ್ಲಿ ನಾಲ್ಕನ್ನೇ ಜೋಡಿಸಿದ್ದರೂ ಹೀಗೇ ಆಗುತ್ತದೆ. ಪರೀಕ್ಷೆಯನ್ನು ವೈಫೈಯಲ್ಲಿ ಮಾಡಬೇಡಿ, ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಮಾಡಿ.

ಕಂಪನಿಯವರು ಮುಂಗಡ ಕಟ್ಟಿಸಿಕೊಂಡು ದಿನ ದೂಡುತ್ತಿದ್ದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ದೂರು ದಾಖಲಿಸಿ, ಡಾಕೆಟ್ ಸಂಖ್ಯೆ, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2012ರ ನಿಯಮದಂತೆ, ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅವರು 39 ದಿನದಲ್ಲಿ ತೀರ್ಮಾನ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕದ ದೂರುಗಳನ್ನು ಗ್ರಾಹಕ ನ್ಯಾಯಾಲಯ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಹೊಸ ಲೈನು ಬಂತೆಂದು ಅಂದೇ ಹಳೆಯದನ್ನು ಕಿತ್ತುಹಾಕಬೇಡಿ. ಒಂದು ವಾರ ಎರಡನ್ನೂ ಇಟ್ಟುಕೊಳ್ಳಿ, ರಾತ್ರಿ 8ರಿಂದ 10ರ ನಡುವೆ ವೇಗ ಅಳೆಯಿರಿ. ವರ್ಷದ ಪ್ಲ್ಯಾನಿಗೆ ಹಣ ಕಟ್ಟುವ ಮಾತು ಅದಾದ ಮೇಲೆ.

ನಮಸ್ಕಾರ.