ಗ್ಲಾಸ್ ನಿಧಾನವಾದರೆ ಮೋಟಾರ್ ಮೇಲೆ ಗೂಬೆ ಕೂರಿಸಬೇಡಿ

ಕೇಳುಗರಿಗೆ ನಮಸ್ಕಾರ.

ಹಳೆಯ ಕಾರು ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಗೊತ್ತು. ಪವರ್ ವಿಂಡೋ ಬಟನ್ ಒತ್ತುತ್ತೀರಿ. ಬಾಗಿಲೊಳಗೆ ಮೋಟಾರ್ ಮುಲುಗುತ್ತದೆ. ಗ್ಲಾಸ್ ಅರ್ಧದವರೆಗೆ ಬಂದು, ತಡವರಿಸಿ, ಕೊನೆಯ ನಾಲ್ಕು ಬೆರಳು ಜಾಗ ಹತ್ತುವುದಕ್ಕೆ ಒದ್ದಾಡುತ್ತದೆ. ಹೊರಗೆ ಮಳೆ ಹುಯ್ಯುತ್ತಿದ್ದರಂತೂ ಕೇಳುವುದೇ ಬೇಡ.

ಆಗ ಯಾರನ್ನು ಕೇಳಿದರೂ ಬರುವ ಮೊದಲ ಮಾತು, "ಮೋಟಾರ್ ಹೋಗಿದೆ, ಬದಲಾಯಿಸಿ." ನನಗೂ ಹಾಗೇ ಹೇಳಿದ್ದರು. ಹೊಸ ಮೋಟಾರ್ ಹಾಕಿಸಿದೆ. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಮುಲುಗಾಟ. ಬಾಗಿಲು ಬಿಚ್ಚಿ ಕೂತು ನೋಡಿದಾಗ ಗೊತ್ತಾಯಿತು, ತಪ್ಪು ಮೋಟಾರಿನದ್ದಲ್ಲ, ಅದು ಪಾಪ ಭಾರ ಹೊತ್ತು ಸುಸ್ತಾಗಿತ್ತು ಅಷ್ಟೇ. ಅದಕ್ಕೇ ಇವತ್ತು ಈ ಮಾತು ಹೇಳಬೇಕೆನಿಸಿತು. ಮೋಟಾರನ್ನು ಕೊನೆಗೆ ನೋಡಿ.

ಮೊದಲು ಸುಮ್ನೆ ಕೂತು ಸೆಕೆಂಡು ಎಣಿಸಿ. ಗ್ಲಾಸ್ ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಕ್ಕೆ ಬರಲು ಎಷ್ಟು ಹೊತ್ತು ಬೇಕು? ಎಂಜಿನ್ ಆಫ್ ಇದ್ದಾಗ ಒಮ್ಮೆ, ಆನ್ ಇದ್ದಾಗ ಒಮ್ಮೆ ಎಣಿಸಿ ಬರೆದಿಡಿ. ಎಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ, ಓಡುವಾಗ 14ರ ಆಸುಪಾಸು, ಹಾಗಾಗಿ ಎಂಜಿನ್ ಆನ್ ಇದ್ದಾಗ ಸ್ವಲ್ಪ ಚುರುಕಾಗುವುದು ಸಹಜ. ಎಲ್ಲ ಕಿಟಕಿಗಳೂ ನಿಧಾನವಾಗಿದ್ದರೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಅರ್ತ್ ಜೋಡಣೆ, ಇವುಗಳ ಕಡೆ ನೋಡಿ. ಒಂದೇ ಕಿಟಕಿಯಾದರೆ ಆ ಬಾಗಿಲಿನದ್ದೇ ಕತೆ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಬಟನ್ ಒತ್ತಲು ಒಬ್ಬರನ್ನು ಕೂರಿಸಿ, ಗ್ಲಾಸಿನ ಎರಡೂ ಬದಿಗೆ ಅಂಗೈ ಒತ್ತಿ ಮೇಲಕ್ಕೆ ಎತ್ತಿಕೊಡಿ. ಬೆರಳುಗಳು ಮೇಲಿನ ಚೌಕಟ್ಟಿನಿಂದ ದೂರ ಇರಲಿ. ಇಷ್ಟು ಸಣ್ಣ ಸಹಾಯಕ್ಕೇ ಗ್ಲಾಸ್ ಸರಸರ ಏರಿದರೆ, ಎಲ್ಲೋ ಹಿಡಿದುಕೊಳ್ಳುತ್ತಿದೆ ಎಂಬ ಅನುಮಾನ ಜಾಸ್ತಿ.

ಹಿಡಿಯುವುದು ಸಾಮಾನ್ಯವಾಗಿ ರಬ್ಬರಿನಲ್ಲಿ. ಗ್ಲಾಸಿನ ಎರಡು ಅಂಚುಗಳು ಓಡಾಡುವ ಚಾನೆಲ್ ಇದೆಯಲ್ವಾ, ಅದರ ಒಳಗೆ ಮಖಮಲ್ಲಿನ ಹಾಗೆ ನುಣುಪಾದ ಪದರ ಇರುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದು ರಬ್ಬರ್ ಬಿರುಸಾಗುತ್ತದೆ, ಪದರ ಸವೆಯುತ್ತದೆ, ಧೂಳು ಸೇರಿ ಸಣ್ಣ ಉಪ್ಪುಕಾಗದದ ಹಾಗಾಗಿಬಿಡುತ್ತದೆ. ಗ್ಲಾಸ್ ಇಳಿಯುವಾಗ ಅದರ ತೂಕವೇ ಸಹಾಯ ಮಾಡುತ್ತದೆ, ಏರುವಾಗ ಆ ತೂಕವೂ ಈ ಉಜ್ಜಾಟವೂ ಎರಡೂ ಮೋಟಾರಿನ ತಲೆಗೆ. ಇಳಿಯುವುದು ಚೆನ್ನಾಗಿದ್ದು ಏರುವುದು ಮಾತ್ರ ಕಷ್ಟವಾಗುತ್ತಿದ್ದರೆ ಕಾರಣ ಬಹುಪಾಲು ಇಲ್ಲೇ.

ಗ್ಲಾಸ್ ಪೂರ್ತಿ ಇಳಿಸಿ. ತೆಳ್ಳಗಿನ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ ಒಳಗೆ ಮೇಲಿಂದ ಕೆಳಗೆ ಎಳೆಯಿರಿ. ಬಟ್ಟೆ ಕಪ್ಪಾಗಿ ಬರುತ್ತದೆ. ಕಪ್ಪು ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಿ, ಆತುರ ಬೇಡ, ಕೆಲಸದ ಮುಕ್ಕಾಲು ಭಾಗ ಇದೇ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಸಣ್ಣ ನಳಿಕೆಯಿಂದ ಸ್ವಲ್ಪವೇ ಬಿಡಿ. ಐದಾರು ಸಲ ಗ್ಲಾಸ್ ಏರಿಸಿ ಇಳಿಸಿ. ಎಂಜಿನ್ ಆಯಿಲ್, ಗ್ರೀಸ್ ಮಾತ್ರ ರಬ್ಬರಿಗೆ ಹಚ್ಚಬೇಡಿ. ರಬ್ಬರ್ ಊದಿಕೊಳ್ಳುತ್ತದೆ, ಧೂಳೂ ಅಂಟುತ್ತದೆ. ಸ್ಪ್ರೇ ಮುಂದಿನ ದೊಡ್ಡ ಗಾಜಿಗೆ ಹಾರದಂತೆಯೂ ನೋಡಿಕೊಳ್ಳಿ, ವೈಪರ್ ಓಡಿದಾಗ ಮಬ್ಬಾಗುತ್ತದೆ. ಹರಿದುಹೋದ ರಬ್ಬರಾದರೆ ಬದಲಾಯಿಸುವುದೇ ಸರಿ.

ಇಷ್ಟಾದರೂ ಸರಿಹೋಗದಿದ್ದರೆ ಆಗ ಬಾಗಿಲಿನ ಪ್ಯಾಡ್, ಅಂದರೆ ಒಳಬದಿಯ ಹೊದಿಕೆ, ಬಿಚ್ಚಿ. ಬಾಗಿಲಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇದ್ದರೆ ಕಾರಿನ ಪುಸ್ತಕದಲ್ಲಿ ಹೇಳಿದಂತೆ ಬ್ಯಾಟರಿ ಕಳಚಿ, ಕಾದು, ಆಮೇಲೆ ಕೈಹಾಕಿ. ತಗಡಿನ ಅಂಚು ಚಾಕುವಿನಷ್ಟೇ ಹರಿತ, ಕೈಗವಸು ಬೇಕೇ ಬೇಕು. ಗ್ಲಾಸನ್ನು ಮೇಲೆತ್ತಿ ಚೌಕಟ್ಟಿಗೆ ಟೇಪಿನಿಂದ ಬಿಗಿಯಿರಿ. ಒಳಗೆ ಗ್ಲಾಸ್ ಎತ್ತುವ ಮೆಷಿನ್ ಕಾಣುತ್ತದೆ. ಕೆಲವದರಲ್ಲಿ ಕತ್ತರಿಯಂಥ ತೋಳುಗಳು, ಕೆಲವದರಲ್ಲಿ ಕೇಬಲ್. ಹಳೆಯ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಅದನ್ನು ಒರೆಸಿ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಕೇಬಲ್ ಎಳೆ ಬಿಟ್ಟಿದ್ದರೆ ಮೆಷಿನ್ನೇ ಬದಲಾಗಬೇಕು. ಕತ್ತರಿ ಮೆಷಿನ್‌ನಲ್ಲಿ ಬಲವಾದ ಸ್ಪ್ರಿಂಗ್ ಇರುವುದುಂಟು. ಮೋಟಾರ್ ತಿರುಗಿಸುವ ಹಲ್ಲಿನ ತಗಡನ್ನು ಬೋಲ್ಟ್ ಹಾಕಿ ಬಂಧಿಸದೆ ಮೋಟಾರ್ ಬಿಚ್ಚಿದರೆ ತೋಳು ಚಿಮ್ಮಿ ಬೆರಳು ಹೋಗಬಹುದು. ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಇನ್ನು ಕರೆಂಟಿನ ವಿಷಯ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಮೋಟಾರ್ 10 ಆಂಪಿಯರ್ ಎಳೆಯುವಾಗ ದಾರಿಯಲ್ಲೆಲ್ಲೋ 0.2 ಓಮ್ ಅಡ್ಡಿ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 12 ವೋಲ್ಟಿನಲ್ಲಿ 2 ಹೋದರೆ ಏನುಳಿಯಿತು? ಅದಕ್ಕೆ ಗ್ಲಾಸಿನ ಟೇಪ್ ತೆಗೆದು, ಬ್ಯಾಟರಿ ಕಳಚಿದ್ದರೆ ಮತ್ತೆ ಜೋಡಿಸಿ, ಮೋಟಾರಿನ ಪ್ಲಗ್ ಕಳಚದೆಯೇ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು, ಬಟನ್ ಒತ್ತಿ, ಗ್ಲಾಸ್ ಚಲಿಸುವಾಗಲೇ ಅಳೆಯಿರಿ. ಕಳಚಿ ಅಳೆದರೆ ಪೂರ್ತಿ 12 ತೋರಿಸಿ ಮೋಸಮಾಡುತ್ತದೆ, ಏಕೆಂದರೆ ಕರೆಂಟ್ ಹರಿಯದೆ ಸೋರಿಕೆ ಕಾಣುವುದಿಲ್ಲ.

ಸೋರುವ ಜಾಗಗಳು ಎರಡು ಮೂರೇ. ಹಳೆಯ ಕಾರುಗಳಲ್ಲಿ ಮೋಟಾರಿನ ಪೂರ್ತಿ ಕರೆಂಟ್ ಸ್ವಿಚ್ಚಿನ ಮೂಲಕವೇ ಹಾಯುವುದು ಜಾಸ್ತಿ, ಹಾಗಾಗಿ ಒಳಗಿನ ತಾಮ್ರದ ಬಿಂದುಗಳು ಸುಟ್ಟು ಕಪ್ಪಾಗಿರುತ್ತವೆ. ಹುಷಾರಾಗಿ ಬಿಚ್ಚಿ ಶುಚಿ ಮಾಡಿದರೆ ಎಷ್ಟೋ ಸಲ ಜೀವ ಬರುತ್ತದೆ. ಕೆಲವರು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ, ಹಾಕಿ ಸ್ವಿಚ್ಚಿನ ಭಾರ ಇಳಿಸುತ್ತಾರೆ, ಸರಿಯಾದ ಫ್ಯೂಸ್ ಜೊತೆ ಮಾಡಿದರೆ ಅದು ಒಳ್ಳೆಯ ಕೆಲಸ. ಎರಡನೆಯದು ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆ. ಬಾಗಿಲು ತೆರೆದಾಗಲೆಲ್ಲ ಅಲ್ಲಿನ ವೈರ್ ಮಡಚುತ್ತದೆ, ಒಳಗಿನ ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ಉಳಿದ ನಾಲ್ಕು ಎಳೆಗಳಲ್ಲಿ ಕಿಟಕಿ ಹೇಗೋ ನಡೆಯುತ್ತದೆ, ಕುಂಟುತ್ತಾ. ಅರ್ತ್ ಬಿಗಿದ ಜಾಗದ ತುಕ್ಕನ್ನೂ ಒಮ್ಮೆ ನೋಡಿ.

ಗ್ಲಾಸ್ ಸಡಿಲವಾಗಿ ಓಡಿ, ವೋಲ್ಟೇಜೂ ಸರಿಯಿದ್ದು, ಆದರೂ ನಿಧಾನವೇ? ಆಗ ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ಮೋಟಾರ್ ಬದಲಿಸಿ. ಪರೀಕ್ಷೆ ಮಾಡುತ್ತಾ ಮತ್ತೆ ಮತ್ತೆ ಒತ್ತಿದಾಗ ಮೋಟಾರ್ ಬಿಸಿಯಾಗಿ ತಾನೇ ನಿಂತುಬಿಟ್ಟರೆ ಗಾಬರಿ ಬೇಡ, ಬಹಳಷ್ಟು ಮೋಟಾರುಗಳಲ್ಲಿ ಅಂಥ ರಕ್ಷಣೆ ಇರುತ್ತದೆ. ತಣ್ಣಗಾಗಲು ಬಿಡಿ.

ಪ್ಯಾಡ್ ಮುಚ್ಚುವ ಮೊದಲು ಒಳಗಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮೊದಲಿದ್ದಂತೆಯೇ ಅಂಟಿಸಿ. ಬಾಗಿಲೊಳಗೆ ಇಳಿಯುವ ಮಳೆನೀರನ್ನು ಸೀಟಿನ ಕಡೆ ಬರದಂತೆ ತಡೆಯುವುದು ಅದೇ. ಆಮೇಲೆ ಮತ್ತೆ ಸೆಕೆಂಡು ಎಣಿಸಿ, ಮೊದಲು ಬರೆದಿಟ್ಟ ಲೆಕ್ಕದ ಪಕ್ಕದಲ್ಲೇ ಬರೆಯಿರಿ.

ನಮಸ್ಕಾರ.