ಹೊತ್ತು ಮುಳುಗುತ್ತದೆ, ಬೆಂಗಳೂರಿಗೆ ಕತ್ತಲಾಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ವರ್ಷದಲ್ಲೇ ಅತಿ ಬೇಗ ಸೂರ್ಯ ಮುಳುಗುವುದು ಯಾವಾಗ? ಕೇಳಿದರೆ ತುಂಬಾ ಜನ ಡಿಸೆಂಬರ್ 21 ಅನ್ನುತ್ತಾರೆ. ಆಸುಪಾಸಿನ ದಿನಗಳಲ್ಲಿ ಹಗಲು ಅತಿ ಚಿಕ್ಕದು, ನಿಜ. ಆದರೆ ಸಂಜೆ ಅತಿ ಬೇಗ ಬರುವುದು ಅದಕ್ಕಿಂತ ಒಂದು ತಿಂಗಳು ಮುಂಚೆ, ನವೆಂಬರ್ 20ರ ಹೊತ್ತಿಗೆ. ಆಗ 5.50ಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಡಿಸೆಂಬರ್ 21ಕ್ಕೆ ಅದು 5.58ರ ಹತ್ತಿರ ಬಂದಿರುತ್ತದೆ. ಜುಲೈ ಮೊದಲ ವಾರ ಸುಮಾರು 6.50.

ಯಾಕೆ ಹೀಗೆ? ನಮ್ಮ ಗಡಿಯಾರಕ್ಕೆ ಎಲ್ಲ ದಿನವೂ ಸರಿಯಾಗಿ 24 ಗಂಟೆ. ಸೂರ್ಯನ ಲೆಕ್ಕ ಹಾಗಿಲ್ಲ. ಭೂಮಿ 23.4 ಡಿಗ್ರಿ ವಾಲಿಕೊಂಡಿದೆ. ಅದು ಸುತ್ತುವ ದಾರಿಯೂ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ, ಜೋರಾಗಿ ಓಡುತ್ತಿರುತ್ತದೆ. ಇವೆರಡೂ ಸೇರಿ ಡಿಸೆಂಬರ್ ಕೊನೆಗೆ ಒಂದು ನಡುಹಗಲಿನಿಂದ ಇನ್ನೊಂದು ನಡುಹಗಲಿಗೆ 24 ಗಂಟೆಗಿಂತ ಅರ್ಧ ನಿಮಿಷದಷ್ಟು ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಇಡೀ ಹಗಲೇ ದಿನವೂ ಸ್ವಲ್ಪ ಸ್ವಲ್ಪ ತಡವಾಗಿ ಸರಿಯುತ್ತದೆ. ನಮ್ಮ ಕಡೆ ಹಗಲು ಕುಗ್ಗುವುದು ತುಂಬಾ ನಿಧಾನ. ಆ ಕುಗ್ಗುವಿಕೆಗಿಂತ ಈ ಸರಿಯುವಿಕೆಯೇ ಗೆಲ್ಲುತ್ತದೆ.

ಇನ್ನು ಮುಳುಗುವ ವಿಷಯ. ಸೂರ್ಯ ಎಲ್ಲಿಗೂ ಹೋಗುವುದಿಲ್ಲ. ಬೆಂಗಳೂರೇ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಾ ಅವನಿಗೆ ಬೆನ್ನು ಹಾಕುತ್ತದೆ. ಇನ್ನೊಂದು ಚೆಂದದ ಸಂಗತಿ ಇದೆ. ಸೂರ್ಯನ ಅಂಚು ದಿಗಂತವನ್ನು ಮುಟ್ಟಿದಂತೆ ಕಾಣುವಾಗ, ಸೂರ್ಯ ಹೆಚ್ಚುಕಡಿಮೆ ಪೂರ್ತಿ ಕೆಳಗಿಳಿದಾಗಿರುತ್ತದೆ. ಗಾಳಿ ಬೆಳಕನ್ನು ಬಗ್ಗಿಸಿ ನಮಗೆ ತೋರಿಸುತ್ತಿರುತ್ತದೆ, ಅಷ್ಟೇ. ಪೂರ್ವಕ್ಕಿರುವ ಕೋಲಾರಕ್ಕೆ ನಮಗಿಂತ ಒಂದೆರಡು ನಿಮಿಷ ಮೊದಲು ಸಂಜೆಯಾಗುತ್ತದೆ. ಪಶ್ಚಿಮಕ್ಕಿರುವ ಮಂಗಳೂರಿಗೆ ಸುಮಾರು 11 ನಿಮಿಷ ತಡ. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಹೊತ್ತು ಮುಳುಗುವುದು ಬೇರೆ, ಕತ್ತಲಾಗುವುದು ಬೇರೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವ ತನಕ ರಸ್ತೆಯ ಗುಂಡಿ, ಎದುರಿಗೆ ಬರುವವರ ಮುಖ ಕಾಣುತ್ತವೆ. 18 ಡಿಗ್ರಿ ಇಳಿದ ಮೇಲೆ ಪೂರ್ತಿ ಕತ್ತಲು. ಲಂಡನ್ನಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತದೆ. ಜೂನ್‌ನಲ್ಲಿ ಅಲ್ಲಿ ಮೊದಲ 6 ಡಿಗ್ರಿಗೇ ಮುಕ್ಕಾಲು ಗಂಟೆ ಬೇಕು, ಆ ದಿನಗಳಲ್ಲಿ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತದೆ. ಬೆಂಗಳೂರಿಗೆ ಸಿಗುವುದು ಸುಮಾರು 22 ನಿಮಿಷ. ಮುಸ್ಸಂಜೆ ಅಂದರೆ ಅಷ್ಟೇ. ಶಾಲೆ, ಟ್ಯೂಷನ್, ಆಫೀಸು, ಗಾರ್ಮೆಂಟ್ಸ್ ಬಿಟ್ಟವರೆಲ್ಲ ರಸ್ತೆಯಲ್ಲಿರುವ ಹೊತ್ತು ಅದು.

ನಮ್ಮ ಕಾನೂನು ಸೂರ್ಯನನ್ನು ನಂಬುತ್ತದೆ. ವಿಶೇಷ ಸಂದರ್ಭ ಬಿಟ್ಟರೆ, ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಸಾಮಾನ್ಯವಾಗಿ ಸೂರ್ಯಾಸ್ತದ ನಂತರ ಶವಪರೀಕ್ಷೆ ಮಾಡುವಂತಿರಲಿಲ್ಲ, ಸೌಲಭ್ಯ ಇರುವ ಆಸ್ಪತ್ರೆಗಳಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ವಾಹನದ ದೀಪ ಹಚ್ಚುವ ನಿಯಮವೂ ಸೂರ್ಯಾಸ್ತದಿಂದಲೇ ಲೆಕ್ಕ ಹಾಕುತ್ತದೆ: ಅರ್ಧ ಗಂಟೆಯಾದ ಮೇಲೆ ಹಚ್ಚಬೇಕು, ಬೆಳಕು ಸಾಲದಿದ್ದರೆ ಯಾವಾಗಲಾದರೂ ಹಚ್ಚಬೇಕು. ಅರ್ಧ ಗಂಟೆ! ಅಷ್ಟರಲ್ಲಿ ಬೆಂಗಳೂರಿನ ಬೆಳಕು ಮುಗಿದು ಎಂಟು ನಿಮಿಷ ಆಗಿರುತ್ತದೆ. ಆಟೋ ಅಣ್ಣಂದಿರೇ, ಕಾರಿನವರೇ, ಆ ಅರ್ಧ ಗಂಟೆಗೆ ಕಾಯಬೇಡಿ. ಸೂರ್ಯ ಮರೆಯಾದ ಕೂಡಲೇ ದೀಪ ಹಾಕಿ. ನಿಮಗೆ ರಸ್ತೆ ಕಾಣಬಹುದು, ರಸ್ತೆ ದಾಟುವ ಅಜ್ಜಿಗೆ ನೀವು ಕಾಣಬೇಕಲ್ವಾ?

ಬೀದಿದೀಪದ ಕಥೆ ಇನ್ನೂ ಬೇಸರದ್ದು. ನಾನಿರುವ ಬಡಾವಣೆಯಲ್ಲಿ ಅವು ವರ್ಷವಿಡೀ 6.30ಕ್ಕೆ ಹತ್ತುತ್ತವೆ. ಜುಲೈನಲ್ಲಿ ಆಗ ಸೂರ್ಯ ಇನ್ನೂ ಮೇಲಿರುತ್ತಾನೆ, ಕರೆಂಟು ಸುಮ್ನೆ ದಂಡ. ನವೆಂಬರ್‌ನಲ್ಲಿ 6.12ಕ್ಕೇ ಮುಖ ಕಾಣದಷ್ಟು ಮಬ್ಬು. ಮೋಡ ಕವಿದರೆ ಇನ್ನೂ ಮೊದಲೇ. ಅಷ್ಟು ಹೊತ್ತು ಕಿತ್ತುಹೋದ ಫುಟ್‌ಪಾತ್ ಮೇಲೆ ಜನ ಕಾಲಲ್ಲಿ ತಡಕಾಡುತ್ತಾ ನಡೆಯುತ್ತಾರೆ. ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಬೆಳಕು ಕಡಿಮೆಯಾದಾಗ ತಾನೇ ಹತ್ತುವ ಸೆನ್ಸರ್ ಸಾಕು. ಇಲ್ಲವಾದರೆ ತಿಂಗಳಿಗೊಮ್ಮೆ ಟೈಮರ್ ತಿರುಗಿಸುವ ಒಬ್ಬ ಮನುಷ್ಯ ಸಾಕು. 1905ರಲ್ಲೇ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಉರಿಸಿದ ಊರು ಇದು. ಇಷ್ಟು ಕೇಳುವುದು ಜಾಸ್ತಿಯಾಯಿತೇ?

ದೀಪ ಹತ್ತಿದ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಸೂರ್ಯ ಮುಳುಗಿ ಒಂದೂಕಾಲು ಗಂಟೆಗೆ ಆಕಾಶ ಕಪ್ಪಾಗಬೇಕು. ಬೆಂಗಳೂರಿನಲ್ಲಿ ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಮೋಡಗಳು ಮಸಿ ಹಚ್ಚಿದ ಲಾಂದ್ರದ ಗಾಜಿನ ಹಾಗೆ ಹೊಳೆಯುತ್ತಿರುತ್ತವೆ.

ಸಂಜೆ ಕೆಂಪಾಗುವುದು ಯಾಕೆ ಅಂತ ನೋಡಿದರೆ ಇದಕ್ಕೂ ಉತ್ತರ ಸಿಗುತ್ತದೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ, ಕೆಂಪನ್ನು ಕಡಿಮೆ. ಅದಕ್ಕೇ ಹಗಲಿನ ಆಕಾಶ ನೀಲಿ. ಸಂಜೆ ಬೆಳಕು ಗಾಳಿಯೊಳಗೆ ತುಂಬಾ ದೂರ ಹಾಯಬೇಕು. ನೀಲಿಯೆಲ್ಲ ದಾರಿಯಲ್ಲೇ ಚದುರಿ, ಕೆಂಪು ಕಿತ್ತಳೆ ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಈಗ ದೀಪಗಳನ್ನು ನೋಡಿ. ಮೊದಲು ಹಳದಿ ಸೋಡಿಯಂ ದೀಪ ಇತ್ತು. ಈಗ ಬಿಳಿ ಎಲ್‌ಇಡಿ. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಮೇಲಕ್ಕೆ ಹೋದ ಆ ನೀಲಿಯನ್ನು ಗಾಳಿ ಅದೇ ರೀತಿ ಚದುರಿಸಿ ಆಕಾಶದ ತುಂಬ ಹರಡುತ್ತದೆ. ಎಲ್‌ಇಡಿ ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಕರೆಂಟು ಉಳಿಸುತ್ತದೆ. ಹಳದಿ ಛಾಯೆಯ ಎಲ್‌ಇಡಿಯೂ ಸಿಗುತ್ತದೆ. ಅದನ್ನು ಹಾಕಿ, ಮೇಲೆ ಮುಚ್ಚಳ ಕೊಟ್ಟು, ನೆಲಕ್ಕೆ ತಿರುಗಿಸಿ ಅನ್ನುತ್ತಿದ್ದೇನೆ.

ಇದರಿಂದ ಏನು ಹೋಯಿತು ಅಂತ ಕೇಳುವವರಿಗೆ ಹೊಸಕೋಟೆಯ ಉದಾಹರಣೆ ಕೊಡುತ್ತೇನೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕೇಂದ್ರವೊಂದು ಅಲ್ಲಿದೆ. ಅಲ್ಲಿ ಕೂತು ವಿಜ್ಞಾನಿಗಳು ಉಪಗ್ರಹದ ಮೂಲಕ ಒಂದು ದೂರದರ್ಶಕವನ್ನು ನಡೆಸುತ್ತಾರೆ. ದೂರದರ್ಶಕ ಇರುವುದು ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಒಣ ಗಾಳಿ, ತಿಳಿಯಾದ ಆಕಾಶ ಬೇಕು ಅಂತಲೇ ಅಷ್ಟು ಮೇಲೆ ಹೋದದ್ದು, ಅದು ಸರಿ. ಆದರೆ ಅಲ್ಲಿಯ ಕತ್ತಲು ಎಷ್ಟು ಬೆಲೆಬಾಳುತ್ತದೆ ಅಂದರೆ, ಅದನ್ನು ಕಾಪಾಡಲು 2022ರಲ್ಲಿ ಆ ಪ್ರದೇಶವನ್ನೇ ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದರು. ಊರಿನವರು ದೀಪಗಳಿಗೆ ಮರೆ ಕಟ್ಟುತ್ತಾರೆ. ನಮ್ಮ ಮಕ್ಕಳು ಆಕಾಶಗಂಗೆಯನ್ನು ಫೋನ್ ಪರದೆಯಲ್ಲೇ ನೋಡಿ ಬೆಳೆಯುತ್ತಿದ್ದಾರೆ. ನನಗೆ ನಿಜವಾಗಲೂ ಸಂಕಟ ಆಗುವುದು ಇದಕ್ಕೆ.

ಬೆಂಗಳೂರು ಹಾನ್ಲೆ ಆಗಬೇಕಿಲ್ಲ. ಬೆಳಕು ಬೇಕಾದ ಫುಟ್‌ಪಾತಿನಲ್ಲಿ ಕತ್ತಲು, ಕತ್ತಲು ಇರಬೇಕಾದ ಆಕಾಶದಲ್ಲಿ ಬೆಳಕು, ಇದನ್ನು ತಿರುಗಿಸಿದರೆ ಆಯಿತು. ನೀವು ಒಂದು ಕೆಲಸ ಮಾಡಿ. ಫೋನಿನಲ್ಲಿ ಇವತ್ತಿನ ಸೂರ್ಯಾಸ್ತದ ಸಮಯ ನೋಡಿಕೊಳ್ಳಿ. ನಿಮ್ಮ ಬೀದಿಯ ದೀಪ ಎಷ್ಟು ಗಂಟೆಗೆ ಹತ್ತಿತು ಬರೆದಿಟ್ಟುಕೊಳ್ಳಿ. 22 ನಿಮಿಷಕ್ಕಿಂತ ತಡ ಆಗಿದ್ದರೆ ಕಂಬದ ನಂಬರ್ ಹಾಕಿ ದೂರು ಕೊಡಿ. ದೀಪದ ಬೆಳಕು ಎದುರುಮನೆಯ ಮೂರನೇ ಮಹಡಿಗೆ ಬೀಳುತ್ತಿದ್ದರೆ ಅದನ್ನೂ ಅದೇ ದೂರಿನಲ್ಲಿ ಬರೆಯಿರಿ.