ಮಳೆ ಗ್ರಾಫ್ ತಾನಾಗಿಯೇ ಬದಲಾಗಬೇಕು, ಆದರೆ ಎಷ್ಟು? | ಜಗಲಿ ಟ್ಯಾಬ್ ವ್ಲಾಗ್

ಇದು ನಮ್ಮ ಜಗಲಿ. ಗೋಡೆಯ ಮೊಳೆಗೆ ನೇತಾಡುತ್ತಿರುವುದು ಹಳೇ ಟ್ಯಾಬ್. ಹಿಂದಿನ ಸದ್ದು ಮಳೆಯದ್ದು, ಮೈಕ್ ಕೆಟ್ಟಿಲ್ಲ. ಹೊಸನಗರದ ಕಡೆ ಜುಲೈನಲ್ಲಿ ಇದಕ್ಕಿಂತ ಒಳ್ಳೆ ಆಡಿಯೋ ಸಿಗಲ್ಲ, ಸುಮ್ನೆ ಕೇಳಿ.

ಅಪ್ಪಯ್ಯ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಎಂಟೂವರೆಯೇ ಯಾಕೆ? ಹವಾಮಾನ ಇಲಾಖೆಯ ಮಳೆ ದಿನವೂ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಅದಕ್ಕೆ. ಪುಸ್ತಕದಲ್ಲಿದ್ದದ್ದು ಶೀಟ್‌ಗೆ ಹೋಗುತ್ತದೆ. ಶೀಟ್‌ನಿಂದ ಈ ಗ್ರಾಫ್ ಎತ್ತಿಕೊಳ್ಳಬೇಕು. ಟೈಪ್ ಮಾಡುವುದನ್ನು ನೋಡ್ತಿದ್ದೀರಲ್ಲ, ಅದನ್ನು ಬಿಡಿ. ಗ್ರಾಫ್ ಎತ್ತಿಕೊಳ್ಳುವ ಕಥೆ ಹೇಳ್ತೀನಿ.

ಎಕ್ಸೆಲ್ ಸಾಕು ಅನ್ನುವವರಿಗೆ ಮೊದಲು. ಚಾರ್ಟ್‌ಗೆ ಎರಡನೇ ಸಾಲಿನಿಂದ ಮೂವತ್ತೊಂದನೇ ಸಾಲು ಅಂತ ಕೊಟ್ಟಿದ್ದರೆ ಅದು ಅಷ್ಟೇ ತೋರಿಸುತ್ತದೆ. ಮೂವತ್ತೆರಡನೇ ಸಾಲಿನಲ್ಲಿ ಜೋಗವೇ ಸುರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಡೇಟಾದೊಳಗೆ ಕ್ಲಿಕ್ ಮಾಡಿ, ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿ. ಆಮೇಲೆ ಕೆಳಗೆ ಸಾಲು ಸೇರಿದ ಹಾಗೆ ಚಾರ್ಟೂ ಬೆಳೆಯುತ್ತದೆ. ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಚಾರ್ಟ್ ಮಾತ್ರ ಇಷ್ಟಕ್ಕೆಲ್ಲ ಬಗ್ಗಲ್ಲ. ಅದಕ್ಕೆ ಸಾಮಾನ್ಯವಾಗಿ ರಿಫ್ರೆಶ್ ಒತ್ತಬೇಕು, ಇಲ್ಲವಾದರೆ ಫೈಲ್ ತೆರೆದಾಗ ರಿಫ್ರೆಶ್ ಆಗಲಿ ಅಂತ ಆಪ್ಷನ್‌ನಲ್ಲಿ ಟಿಕ್ ಹಾಕಿಡಬೇಕು. ಪಿವಟ್ ನನಗೆ ಹಿಡಿಸಲ್ಲ. ತಿಂಗಳ ಮೊತ್ತ ಬೇಕಾದಾಗ ಮಾತ್ರ ಹಿಡಿಸುತ್ತದೆ.

ಟ್ಯಾಬ್‌ನಲ್ಲಿರುವುದು ಬ್ರೌಸರ್, ಒಳಗೆ ಚಾರ್ಟ್ ಜೆಎಸ್ ಅನ್ನುವ, ಗ್ರಾಫ್ ಬಿಡಿಸುವ ರೆಡಿಮೇಡ್ ಕೋಡ್. ಇಲ್ಲಿ ಹೊಸ ಸಂಖ್ಯೆಯನ್ನು ಪಟ್ಟಿಗೆ ಸೇರಿಸಿದರೆ ಪರದೆಯ ಮೇಲೆ ಏನೂ ಆಗುವುದಿಲ್ಲ. ಸೇರಿಸಿದ ಮೇಲೆ 'ಅಪ್‌ಡೇಟ್' ಅಂತ ಕರೆಯಬೇಕು, ಆಗ ಮಾತ್ರ ಮತ್ತೆ ಬಿಡಿಸುತ್ತದೆ. ಕೆಲವರು ಇದರ ಬದಲು ಪ್ರತಿ ಸಲ ಅದೇ ಜಾಗದಲ್ಲಿ ಹೊಸ ಚಾರ್ಟೇ ಮಾಡಿಬಿಡುತ್ತಾರೆ. ಹಳೇ ಆವೃತ್ತಿಗಳಲ್ಲಿ ಹಾಗೆ ಮಾಡಿದರೆ ಬೆರಳಿಟ್ಟ ಕಡೆ ಹಿಂದಿನ ಗ್ರಾಫ್ ದೆವ್ವದ ಹಾಗೆ ಬಂದು ಹೋಗುತ್ತಿತ್ತು. ಈಗಿನದ್ದು ನೇರವಾಗಿ ಎರರ್ ಕೊಟ್ಟು ನಿಲ್ಲುತ್ತದೆ. ಹಾಗೇ ಆಗಬೇಕು.

ಇನ್ನೊಂದು, ಕ್ಯಾಶ್ (cache), ಅಂದರೆ ಬ್ರೌಸರ್ ಎತ್ತಿಟ್ಟುಕೊಂಡ ಹಳೇ ಪ್ರತಿ. ಶೀಟ್ ಬದಲಾಗಿದೆ, ಕೋಡ್ ಸರಿ ಇದೆ, ಅಪ್‌ಡೇಟ್ ಕೂಡ ಕರೆದಾಯಿತು. ಆದರೂ ಬ್ರೌಸರ್ ನಿನ್ನೆಯ ಫೈಲನ್ನೇ ಒಳಗಿಂದ ತೆಗೆದು ಕೊಡುತ್ತದೆ. ಫೈಲ್ ಕೇಳುವಾಗಲೇ 'ನೋ ಸ್ಟೋರ್' ಅಂತ ಹೇಳಿಬಿಡಿ, ಪ್ರತಿ ಸಲ ಹೊಸದಾಗಿ ತರುತ್ತದೆ.

ಇಲ್ಲಿ ಕರೆಂಟ್ ಹೋಯಿತು, ಪರದೆ ಮಸುಕಾಗಿದ್ದು ಕಾಣ್ತಿದೆಯಲ್ಲ. ಶರಾವತಿ ನೀರಿನಿಂದ ರಾಜ್ಯಕ್ಕೆಲ್ಲ ಬೆಳಕು, ನದಿ ಪಕ್ಕದವರಿಗೆ ಮೇಣದಬತ್ತಿ. ಇರಲಿ, ಬ್ಯಾಟರಿ ಇದೆ.

ಈಗ ನಿಜವಾದ ತಲೆನೋವಿಗೆ ಬರೋಣ. ಗ್ರಾಫ್ ಚೆನ್ನಾಗಿ ನಡೀತಿತ್ತು. ಅತಿ ದೊಡ್ಡ ಕಂಬ 76 ಮಿ.ಮೀ., ಅಂದರೆ ಮೂರು ಇಂಚು. ಅಳತೆ ಪಟ್ಟಿ 80ರವರೆಗೆ ಇತ್ತು, ಕಂಬ ಹೆಚ್ಚು ಕಡಿಮೆ ಪರದೆಯ ತುದಿ ಮುಟ್ಟಿತ್ತು. ಆಮೇಲೆ ಒಂದು ರಾತ್ರಿ ಒಂಬತ್ತು ಇಂಚು ಹೊಡೆಯಿತು. 229 ಮಿ.ಮೀ. ಅಂತ ಹಾಕಿದ ಕೂಡಲೇ ಪಟ್ಟಿ ತಾನಾಗಿ 250ಕ್ಕೆ ಜಿಗಿಯಿತು. 76ರ ಕಂಬ ಪರದೆಯ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಕೂತಿತು. ಸಣ್ಣ ಮಳೆಗಳೆಲ್ಲ ಗೆರೆಯಾದವು.

ಅಪ್ಪಯ್ಯ ಬಂದು ನೋಡಿದರು. "ಅಲ್ಲ ಮಾರಾಯ, ಮೊನ್ನೆ ಮೂರು ಇಂಚು ಬಿದ್ದಿತ್ತಲ್ಲ, ಅದನ್ನೆಲ್ಲಿ ಅಳಿಸಿ ಹಾಕಿದೆ?"

ಏನೂ ಅಳಿಸಿಲ್ಲ ಅಪ್ಪಯ್ಯ, ಅಳತೆ ಬದಲಾಗಿದೆ ಅಂದೆ. ಅಳತೆ ಹೇಗೆ ಬದಲಾಗುತ್ತದೆ, ಇಂಚು ಇಂಚೇ ಅಲ್ವಾ ಅಂದರು. ಅವರು ಪುಸ್ತಕ ತಂದು ಪಕ್ಕದಲ್ಲಿ ಹಿಡಿದರು. ನಾನು ಬದಿಯ ಸಂಖ್ಯೆ ತೋರಿಸಿದೆ. ಸಂಖ್ಯೆ ಯಾರು ಓದ್ತಾರೆ, ಕಂಬ ತಾನೇ ನೋಡೋದು ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಏಕೆಂದರೆ ಗ್ರಾಫ್ ಮಾಡುವುದೇ ಕಂಬ ನೋಡಲಿ ಅಂತ. ನಿನ್ನೆ ನೋಡಿದ ಎತ್ತರ ಇವತ್ತು ಕುಗ್ಗಿದರೆ ಯಾರಿಗಾದರೂ ಮಳೆ ಕಡಿಮೆಯಾಯಿತು ಅಂತಲೇ ಅನ್ನಿಸುತ್ತದೆ. ಮೇಲಿಂದ ಒಂದು ಸೆಕೆಂಡಿನ ಅನಿಮೇಷನ್ ಬೇರೆ. ಕಂಬಗಳು ಕಣ್ಣೆದುರೇ ಕುಸಿದು ಕೂರುತ್ತವೆ. ಅದನ್ನು ಮೊದಲು ಕಿತ್ತು ಹಾಕಿದೆ. ಅಪ್‌ಡೇಟ್ ಕರೆಯುವಾಗ 'ನನ್' (none) ಅಂತ ಕೊಟ್ಟರೆ ಆಯಿತು, ಕುಣಿಯದೆ ಬದಲಾಗುತ್ತದೆ.

ಅಳತೆಯನ್ನು 250ಕ್ಕೇ ಕಟ್ಟಿಹಾಕಿ ಅಂತ ಹೇಳುವವನಿದ್ದೆ. ಈಗ ಹಾಗೆ ಹೇಳಲ್ಲ. ಜೂನ್ ಮೊದಲ ವಾರದ ಎಂಟು ಹತ್ತು ಮಿ.ಮೀ. ಆಗ ಕಾಣುವುದೇ ಇಲ್ಲ. 'ಸಜೆಸ್ಟೆಡ್ ಮ್ಯಾಕ್ಸ್' ಅಂತ ಒಂದಿದೆ, ಅದಕ್ಕೆ 120 ಕೊಟ್ಟೆ. ಮಳೆ ಅದರೊಳಗೆ ಇರುವವರೆಗೆ ಪಟ್ಟಿ ಅಲ್ಲೇ ನಿಲ್ಲುತ್ತದೆ, ದಾಟಿದ ದಿನ ಮಾತ್ರ ಬೆಳೆಯುತ್ತದೆ. ಬೆಳೆದದ್ದು ಕಣ್ಣಿಗೆ ಬೀಳಲಿ ಅಂತ ಇಲಾಖೆಯ ಗಡಿಗಳನ್ನು ಅಡ್ಡಗೆರೆ ಎಳೆದಿದ್ದೇನೆ. 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಪಟ್ಟಿ ಹಿಗ್ಗಿದರೆ ಗೆರೆಗಳೂ ಕೆಳಗೆ ಸರಿಯುತ್ತವೆ. 76ರ ಕಂಬ ಆಗಲೂ ಮೊದಲ ಗೆರೆಯ ಮೇಲೇ ಇರುತ್ತದೆ. ಅಪ್ಪಯ್ಯ ಗೆರೆ ಒಪ್ಪಿದರು. ತಾರೀಖು ಒಪ್ಪಲಿಲ್ಲ, ಕೆಳಗೆ ಆರಿದ್ರಾ, ಪುನರ್ವಸು, ಪುಷ್ಯ ಅಂತ ಬರೆಯಬೇಕಂತೆ. ಬರೆದೆ. ನಿಜ ಹೇಳಬೇಕಂದ್ರೆ ಅದೇ ಚೆನ್ನಾಗಿದೆ.

ಈ ಮಳೆ ಕಂಬಗಳೆಲ್ಲ ಸೊನ್ನೆಯಿಂದ ಶುರು. ಹಾಗಂತ ಎಲ್ಲ ಗ್ರಾಫೂ ಸೊನ್ನೆಯಿಂದಲೇ ಶುರುವಾಗಬೇಕು ಅಂತಿಲ್ಲ. ಲಿಂಗನಮಕ್ಕಿ ಜಲಾಶಯ ತಗೊಳ್ಳಿ, ಗರಿಷ್ಠ ಮಟ್ಟ 1,819 ಅಡಿ. ಸೊನ್ನೆಯಿಂದ ಬಿಡಿಸಿದರೆ ಒಂದೇ ರಾತ್ರಿ ಎರಡು ಅಡಿ ಏರಿದರೂ ಗೆರೆ ಅಲ್ಲಾಡಲ್ಲ. ಅಲ್ಲಿ 1,740ರಿಂದ ಶುರು ಮಾಡಿ, ತೊಂದರೆ ಇಲ್ಲ. ಕಂಬಕ್ಕೆ ಸೊನ್ನೆ ಬೇಕು, ಗೆರೆಗೆ ಬೇಡ. ಈ ವಿಷಯಕ್ಕೆ ಇನ್ನೊಂದು ವಿಡಿಯೋ ಮಾಡಬಹುದು, ಈಗ ಶಾಟ್ ಮುಗೀತಾ ಬಂತು.

ಬೇಗ ಹೇಳ್ತೀನಿ. ಅಳೆಯದ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಮನೆಯವರೆಲ್ಲ ಮದುವೆಗೆ ಹೋದ ದಿನ ಮಳೆಯೇ ಬಂದಿಲ್ಲ ಅಂತ ಗ್ರಾಫ್ ಹೇಳಬಾರದು. ಆಮೇಲೆ ಮೂಲೆಯಲ್ಲಿ 'ಕೊನೆಯ ದಾಖಲೆ' ಅಂತ ದಿನ, ಸಮಯ ಬರೆಯಿರಿ. ನೆಟ್ ಹೋದಾಗ ಹಳೇ ಗ್ರಾಫ್ ಹಾಗೇ ನಿಂತಿರುತ್ತದೆ, ನೋಡಿದರೆ ಇವತ್ತಿನದರ ಹಾಗೇ ಕಾಣುತ್ತದೆ. ಇದು ಬಣ್ಣ, ಫಾಂಟ್ ಎಲ್ಲದಕ್ಕಿಂತ ಮುಖ್ಯ. ಯಾಕಂದ್ರೆ ನಮ್ಮಲ್ಲಿ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುತ್ತೇವೆ. ಮೊದಲ ಸಲ ಹೊಡೆದು 40, 45 ದಿನಕ್ಕೆ ಎರಡನೆಯದು. ಅಷ್ಟರಲ್ಲಿ ಎಷ್ಟು ಮಳೆ ಬಿತ್ತು ಅಂತ ಅಪ್ಪಯ್ಯ ನೋಡುವುದು ಇಲ್ಲೇ. ಹೊಡೆಯುವ ದಿನ ಯಾವುದು ಅನ್ನುವುದನ್ನು ಗ್ರಾಫ್ ಹೇಳಲ್ಲ, ಅದಕ್ಕೆ ಆಕಾಶ ಬಿಡಬೇಕು, ಮರ ಹತ್ತುವ ಕೊನೆಗಾರ ಫೋನ್ ಎತ್ತಬೇಕು.

ಮತ್ತೆ ಐದು ಸೆಕೆಂಡಿಗೊಮ್ಮೆ ರಿಫ್ರೆಶ್ ಇಡಬೇಡಿ ದಯವಿಟ್ಟು. ದಿನಕ್ಕೊಂದು ಸಂಖ್ಯೆ ಬರುವ ಗ್ರಾಫ್‌ಗೆ ಅರ್ಧ ಗಂಟೆಗೊಮ್ಮೆ ಸಾಕು, ಬ್ಯಾಟರಿಯೂ ಉಳಿಯುತ್ತದೆ.

ಅಪ್ಪಯ್ಯ ಬಂದರು. 1.2 ಅಂತಿದ್ದಾರೆ. ಇಂಚು ಅದು, 25.4ರಿಂದ ಗುಣಿಸಿದರೆ 30.5. ಹಾಕಿದೆ. ಕಂಬ ಬಂತು, ಪಟ್ಟಿ ಅಲ್ಲಾಡಲಿಲ್ಲ, ಮೂಲೆಯ ಸಮಯ ಬದಲಾಯಿತು. ತಿಂಡಿಗೆ ಕರೀತಿದ್ದಾರೆ, ಕೋಡ್ ಕೆಳಗೆ ಹಾಕಿರ್ತೀನಿ.